ಯಾವುದು ಓದಬೇಕು, ಯಾವುದು ಬಿಡಬೇಕು

“ಟೀಚರೇ, ಲಾ ಎಂಟ್ರೆನ್ಸಿಗೆ ಯಾವ ಟಾಪಿಕ್ ಓದ್ಬೇಕು, ಯಾವುದು ಬಿಡ್ಬೇಕು ಅಂತ ಒಂದು ಪಟ್ಟಿ ಬರ್ದು ಕೊಡಿ” ಅಂತ ಪಕ್ಕದ ಮನೆ ಅಕ್ಕ ದಾಸವಾಳದ ಬೇಲಿಯ ಆಚೆ ನಿಂತು ಕೇಳಿದರು. ಅವರ ಮಗಳು ಈಗ ಸೆಕೆಂಡ್ ಪಿಯುಸಿ. ನಮ್ಮ ಮಡಿಕೇರಿ ಕಡೆ ಮಕ್ಕಳು ಪಿಯುಸಿಗೆ ಬಂದರೆ ಸಾಕು, ಮನೆಯವರ ಬಾಯಲ್ಲಿ ನೀಟು, ಸಿಇಟಿ ಎರಡೇ ಮಾತು. ಕಾನೂನು ಓದುತ್ತೇನೆ ಅನ್ನುವ ಮಗು ಸಿಕ್ಕಿದರೆ ನನಗೆ ಎಲ್ಲಿಲ್ಲದ ಉತ್ಸಾಹ. ಪೊಲಿಟಿಕಲ್ ಸೈನ್ಸ್ ಪಾಠ ಮಾಡಿಕೊಂಡೇ ತಲೆ ಬೆಳ್ಳಗಾದವಳು ನಾನು.

“ಪಟ್ಟಿ ಆಮೇಲೆ ಅಕ್ಕ. ಮೊದಲು ಹುಡುಗಿ ಯಾವ ದಾರಿ ಹಿಡೀತಾಳೆ ಹೇಳಿ” ಅಂದೆ.

ದಾರಿ ಎರಡಿದೆ ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಒಂದು, ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು. 2009ರಲ್ಲಿ ಶುರುವಾದದ್ದು. ಘಟ್ಟ ಇಳಿದರೆ ಸಿಗುವ ಸುಳ್ಯದ ಕೆವಿಜಿ ಲಾ ಕಾಲೇಜು, ಪುತ್ತೂರಿನ ವಿವೇಕಾನಂದ, ಮಂಗಳೂರಿನ ಎಸ್‌ಡಿಎಂ, ಈ ಕಡೆ ಮೈಸೂರಿನ ವಿದ್ಯಾವರ್ಧಕ, ಇವೆಲ್ಲ ಅದಕ್ಕೆ ಸೇರಿದವು. ಐದು ವರ್ಷದ ಕೋರ್ಸಿಗೆ ಇಲ್ಲಿ ಪ್ರವೇಶ ಪರೀಕ್ಷೆಯೇ ಇಲ್ಲ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟರಿಗೆ ಶೇ 40 ಬಂದಿರಬೇಕು, ಅಷ್ಟೇ. ಈ ದಾರಿ ಹಿಡಿದವಳಿಗೆ ‘ಯಾವ ಟಾಪಿಕ್’ ಅನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲ. ಪಿಯು ಕಾಲೇಜಿನಲ್ಲಿ ಕೊಟ್ಟ ಪಠ್ಯಪುಸ್ತಕವನ್ನು ಚೆನ್ನಾಗಿ ಓದಿದರೆ ಆಯಿತು. ಮುಂದೆ ಈ ಲಾ ಕಾಲೇಜುಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇದನ್ನು ಎರಡನೇ ದರ್ಜೆಯ ದಾರಿ ಅಂತ ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಕರಿಕೋಟು ತೊಟ್ಟು ಬಡವರ ಕೇಸು ನಡೆಸುವ ವಕೀಲರಲ್ಲಿ ಬಹುಪಾಲು ಇಂಥ ಕಾಲೇಜುಗಳಿಂದಲೇ ಬಂದವರು.

ಇನ್ನೊಂದು ದಾರಿ ಕ್ಲ್ಯಾಟ್. ಈಗ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ 1987ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಎನ್.ಆರ್. ಮಾಧವ ಮೆನನ್ ಕಟ್ಟಿ ನಿಲ್ಲಿಸಿದ ಸಂಸ್ಥೆ ಅದು. ಆ ಮಾದರಿಯಲ್ಲೇ ಬೇರೆ ರಾಜ್ಯಗಳಲ್ಲೂ ಕಾನೂನು ವಿಶ್ವವಿದ್ಯಾಲಯಗಳು ಎದ್ದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ, ಒಂದೊಂದು ಅರ್ಜಿ, ಒಂದೊಂದು ಊರು. ಮಕ್ಕಳು ಹಣ ಕಟ್ಟಿ ರೈಲು ಹತ್ತಿ ಸುಸ್ತಾಗಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ 2008ರಲ್ಲಿ ಎಲ್ಲಕ್ಕೂ ಸೇರಿ ಒಂದೇ ಪರೀಕ್ಷೆ ಬಂತು. ಅದೇ ಕ್ಲ್ಯಾಟ್. ಈಗ ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಇದನ್ನು ನಡೆಸುತ್ತದೆ. ಪಿಯುಸಿಯಲ್ಲಿ ಸೈನ್ಸೋ, ಕಾಮರ್ಸೋ, ಆರ್ಟ್ಸೋ, ಯಾವುದಾದರೂ ಆಗುತ್ತದೆ.

“ನಮ್ಮವಳಿಗೆ ಇದೇ ಆಗ್ಬೇಕಂತೆ” ಅಂದರು ಅಕ್ಕ. ಮಗಳು ಅಷ್ಟು ಹೊತ್ತಿಗೆ ಒಂದು ದಪ್ಪ ಗೈಡು ಹಿಡಿದುಕೊಂಡು ಬೇಲಿ ಹತ್ತಿರ ಬಂದಳು. ಮೈಸೂರಿನಲ್ಲಿರುವ ಸೋದರಮಾವ ಕೊಟ್ಟದ್ದಂತೆ. ತೆರೆದು ನೋಡಿದೆ. ಮೊದಲ ಪುಟದಲ್ಲೇ ‘ಒಟ್ಟು 200 ಪ್ರಶ್ನೆ’ ಅಂತಿತ್ತು. ಮಧ್ಯದಲ್ಲಿ ಇಂಡಿಯನ್ ಪೀನಲ್ ಕೋಡಿನ ಸೆಕ್ಷನ್ನುಗಳ ಉದ್ದುದ್ದ ಪಟ್ಟಿ, ಲ್ಯಾಟಿನ್ ಸೂತ್ರಗಳ ಪಟ್ಟಿ, ದೇಶ, ರಾಜಧಾನಿ, ನಾಣ್ಯಗಳ ಪಟ್ಟಿ. ಹುಡುಗಿ ಆಗಲೇ ಸೆಕ್ಷನ್ನುಗಳಿಗೆ ಹಳದಿ ಬಣ್ಣ ಬಳಿದು ಬಾಯಿಪಾಠ ಶುರು ಮಾಡಿದ್ದಳು. ನನಗೆ ಸಂಕಟವಾಯಿತು. ಇಷ್ಟು ಶ್ರದ್ಧೆಯ ಮಗು ಯಾವತ್ತೋ ಹೋದ ಪರೀಕ್ಷೆಗೆ ಓದುತ್ತಿದ್ದಾಳಲ್ಲ!

ಆ 200 ಪ್ರಶ್ನೆಗಳ ಕಾಲ 2019ಕ್ಕೆ ಮುಗಿಯಿತು. 2020ರಿಂದ ಕ್ಲ್ಯಾಟ್ ಪೂರ್ತಿ ಬದಲಾಗಿದೆ. ಬಿಡಿ ಪ್ರಶ್ನೆಗಳು ಹೋಗಿ, ಸುಮಾರು 450 ಪದಗಳ ಪ್ಯಾಸೇಜು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಕ್ರಮ ಬಂತು. 2024ರ ಕ್ಲ್ಯಾಟ್‌ನಿಂದ ಪ್ರಶ್ನೆಗಳು 120, ಸಮಯ ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅಲ್ಲದೆ ಬ್ರಿಟಿಷರ ಕಾಲದ ಪೀನಲ್ ಕೋಡೇ ಈಗ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಗೈಡು ನೋಡಿ ಟಾಪಿಕ್ ಆರಿಸಬಾರದು ಅಂತ ನಾನು ಹೇಳುವುದು ಇದಕ್ಕೇ. ಪ್ರಶ್ನೆಪತ್ರಿಕೆ ನೋಡಿ ಆರಿಸಬೇಕು. ಒಕ್ಕೂಟದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಪತ್ರಿಕೆಗಳು ಸಿಗುತ್ತವೆ. 2020ರಿಂದ ಈಚಿನವು ಸಾಕು. ಮೊದಲು ಅವನ್ನು ಪ್ರಿಂಟ್ ತೆಗೆಸು, ಆಮೇಲೆ ಬೇರೆ ಪುಸ್ತಕದ ಮಾತು ಅಂದೆ.

ಪತ್ರಿಕೆ ಕೈಗೆ ಬಂದರೆ ಪಟ್ಟಿ ತಾನಾಗಿಯೇ ಕಾಣುತ್ತದೆ. ಕಾನೂನು ತರ್ಕ 28ರಿಂದ 32 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತೆ ಅಷ್ಟೇ. ಅಲ್ಲಿಗೆ ಅರ್ಧ ಪತ್ರಿಕೆ ಮುಗಿಯಿತು. ಇಂಗ್ಲಿಷು 22ರಿಂದ 26, ಲಾಜಿಕ್ ಮತ್ತೆ ಅಷ್ಟೇ. ಉಳಿದದ್ದು ಗಣಿತ, 10ರಿಂದ 14.

“ಹಾಗಾದ್ರೆ ಗಣಿತ ಬಿಡ್ಬಹುದು, ಅಲ್ವಾ ಟೀಚರೇ?” ಅಂದಳು ಹುಡುಗಿ. ಆರ್ಟ್ಸ್ ತೆಗೆದುಕೊಂಡ ಎಲ್ಲ ಮಕ್ಕಳ ಆಸೆ ಇದೇ. ಬಿಡಬಾರದು. ಅಲ್ಲಿ ಬರುವುದು ಹತ್ತನೇ ಕ್ಲಾಸಿನ ಗಣಿತ. ಒಂದು ಕೋಷ್ಟಕವೋ ಒಂದು ವಿವರಣೆಯೋ ಕೊಟ್ಟು ಅನುಪಾತ, ಶೇಕಡಾ, ಸರಾಸರಿ ಕೇಳುತ್ತಾರೆ. ಇವರ ಮನೆಯಲ್ಲಿ ಕಾಫಿ ಮಾರುವಾಗ ಅಪ್ಪ ಮಗಳು ಕೂತು ಓಟಿ (ಔಟ್‌ಟರ್ನ್) ಲೆಕ್ಕ ಹಾಕುವುದನ್ನು ನಾನು ಕೇಳಿದ್ದೇನೆ. 50 ಕೆ.ಜಿ. ಚೆರ್ರಿ ಮೂಟೆಗೆ 26 ಕೆ.ಜಿ. ಬೇಳೆ ಬಂದರೆ ಓಟಿ 26. 27 ಬಂದರೆ ಮೂಟೆಗೆ ಎಷ್ಟು ಹೆಚ್ಚು, ಮೂವತ್ತು ಮೂಟೆಗೆ ಎಷ್ಟು. ವ್ಯಾಪಾರಿ ಬಾಯಿಬಿಡುವ ಮುಂಚೆ ಹುಡುಗಿ ಉತ್ತರ ಹೇಳಿರುತ್ತಾಳೆ. ಅದೇ ಗಣಿತ ಇಂಗ್ಲಿಷಿನಲ್ಲಿ ಒಂದು ಪ್ಯಾಸೇಜಾಗಿ ಬಂದರೆ ಯಾಕೆ ಹೆದರಬೇಕು? ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಅಷ್ಟೂ ಅಂಕ ಕೈಗೆ ಬರುತ್ತದೆ. ಒಂದೊಂದು ಅಂಕಕ್ಕೂ ನೂರಾರು ರ‍್ಯಾಂಕ್ ಹಿಂದೆಮುಂದೆ ಆಗುವ ಪರೀಕ್ಷೆಯಲ್ಲಿ ಇದನ್ನು ಬಿಟ್ಟುಕೊಡುವುದು ದೊಡ್ಡ ನಷ್ಟ.

ಕಾನೂನು ತರ್ಕದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಯಾಕೆಂದರೆ ಇಲ್ಲೇ ಮಕ್ಕಳು ದಾರಿ ತಪ್ಪುವುದು. ಕಾನೂನು ಮೊದಲೇ ಗೊತ್ತಿರಬೇಕಿಲ್ಲ ಅಂತ ಒಕ್ಕೂಟವೇ ಹೇಳುತ್ತದೆ. ನಿಯಮವನ್ನು ಪ್ಯಾಸೇಜಿನಲ್ಲೇ ಕೊಟ್ಟಿರುತ್ತಾರೆ, ಆಮೇಲೆ ಒಂದು ಪ್ರಸಂಗ ಕೊಡುತ್ತಾರೆ, ಆ ನಿಯಮ ಈ ಪ್ರಸಂಗಕ್ಕೆ ಹೇಗೆ ಅನ್ವಯಿಸುತ್ತದೆ ಅಂತ ಕೇಳುತ್ತಾರೆ. ಬೇಲಿ ಹತ್ತಿರವೇ ಹುಡುಗಿಗೆ ಒಂದು ಪ್ರಶ್ನೆ ಹಾಕಿದೆ.

“ಒಂದು ಜಿಲ್ಲೆ ಇದೆ ಅಂತ ಇಟ್ಕೋ. ಅಲ್ಲಿ ಒಂದು ಬಗೆಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ವಿನಾಯಿತಿ ಆ ಹಿಡುವಳಿದಾರನಿಗೆ ಮತ್ತು ಅವನ ಮನೆಯಲ್ಲಿ ಅವನ ಜೊತೆ ವಾಸವಿರುವ ಕುಟುಂಬದವರಿಗೆ ಮಾತ್ರ ಅಂತ ಪ್ಯಾಸೇಜು ಹೇಳ್ತದೆ. ಹಿಡುವಳಿದಾರ ಊರಿಗೆ ಹೋಗುವಾಗ ಕೋವಿಯನ್ನು ತೋಟದ ಕಾವಲುಗಾರನಿಗೆ ಕೊಟ್ಟು ಹೋದ. ಕಾವಲುಗಾರ ಹೊರಗಿನವನು, ಅದೇ ತೋಟದ ಲೈನ್ ಮನೆಯಲ್ಲಿ ಹದಿನೈದು ವರ್ಷದಿಂದ ಇದ್ದಾನೆ. ಆನೆ ಬಂತು, ಆಕಾಶಕ್ಕೆ ಗುಂಡು ಹಾರಿಸಿದ, ಪೊಲೀಸರು ಹಿಡಿದರು. ಅವನಿಗೆ ವಿನಾಯಿತಿ ಉಂಟಾ?”

“ಉಂಟು ಟೀಚರೇ. ನಮ್ಮ ಕಡೆ ಎಲ್ರೂ ಹಾಗೇ ಕೊಡೋದಲ್ವಾ? ಆನೆ ಬಂದ್ರೆ ಅವ್ನು ಎಂತ ಮಾಡ್ಬೇಕು ಪಾಪ!”

ನೋಡಿ, ಪಾಪ ಅನ್ನಿಸುವುದು ಒಳ್ಳೆಯದೇ, ಮುಂದೆ ಒಳ್ಳೆಯ ವಕೀಲೆಯಾಗಲು ಅದೂ ಬೇಕು. ಆದರೆ ಪ್ಯಾಸೇಜು ಕೇಳುವುದು ಅದನ್ನಲ್ಲ. ಕಾವಲುಗಾರ ಹಿಡುವಳಿದಾರನೋ? ಅಲ್ಲ. ಅವನ ಕುಟುಂಬದವನೋ? ಅಲ್ಲ. ಲೈನ್ ಮನೆ ಹಿಡುವಳಿದಾರನ ಜಾಗದಲ್ಲೇ ಇದ್ದರೂ ‘ಅವನ ಜೊತೆ ವಾಸ’ ಆಗುತ್ತದೋ? ಆಗುವುದಿಲ್ಲ. ಹದಿನೈದು ವರ್ಷ, ಆನೆ, ಆಕಾಶಕ್ಕೆ ಗುಂಡು, ಇದೆಲ್ಲ ಮನಸ್ಸು ಕರಗಿಸಲು ಇಟ್ಟ ವಿವರಗಳು. ನಾಲ್ಕು ಆಯ್ಕೆಗಳಲ್ಲಿ ಎರಡು ಇವುಗಳ ಬೆನ್ನು ಹತ್ತಿದವರಿಗಾಗಿಯೇ ಇರುತ್ತವೆ. ಈಗ ಪ್ಯಾಸೇಜಿನಲ್ಲಿ ‘ಅವನ ಜಮೀನಿನಲ್ಲಿ ವಾಸವಿರುವ ಎಲ್ಲರಿಗೂ’ ಅಂತ ಬರೆದು ನೋಡು, ಉತ್ತರ ತಿರುಗಿಬೀಳುತ್ತದೆ. ಹುಡುಗಿಗೆ ತಟ್ಟನೆ ಹೊಳೆಯಿತು. “ಅಂದ್ರೆ ನಂಗೆ ಗೊತ್ತಿರೋದನ್ನ ಹೊರಗೆ ಬಿಟ್ಟು ಬರ್ಬೇಕು” ಅಂದಳು. ಹೌದು, ಎರಡು ಗಂಟೆಯ ಮಟ್ಟಿಗೆ.

ಹಾಗಂತ ಊರಿನ ವಿಷಯ ಗೊತ್ತಿರುವುದು ವ್ಯರ್ಥವಲ್ಲ. ಪ್ಯಾಸೇಜು ಓದುವಾಗ ಕಾನೂನಿನ ಮಾತು ಅಪರಿಚಿತ ಅನ್ನಿಸದಿರಲು ಅದೇ ನೆರವು. ಕೋವಿ ವಿನಾಯಿತಿ ನಮ್ಮಲ್ಲಿ ನಿಜವಾಗಿಯೂ ಇದೆ. ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯದ ಹಿಡುವಳಿ ಇರುವವರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಟ್ಟ ಈ ವಿನಾಯಿತಿಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಿದ್ದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಸಮಾನತೆಯ ಹಕ್ಕು ಒಂದು ಕಡೆ, ಒಂದು ಜನಾಂಗದ ಹಳೆಯ ಆಚಾರ ಇನ್ನೊಂದು ಕಡೆ; ಕೋರ್ಟು ಯಾವ ಕಾರಣ ಕೊಟ್ಟಿತು, ಇನ್ನೊಂದು ಪಕ್ಷ ಏನು ಹೇಳಿತ್ತು ಅಂತ ಒಂದು ಪುಟ ಬರೆದು ನೋಡಿದರೆ ಸಂವಿಧಾನದ 14ನೇ ವಿಧಿ ಬಾಯಿಪಾಠವಿಲ್ಲದೆ ಅರ್ಥವಾಗುತ್ತದೆ.

ಜಮ್ಮಾ ಜಾಗದ ಕತೆಯೂ ಹಾಗೇ. ನಮ್ಮ ಮನೆಗಳಲ್ಲಿ ಆರ್‌ಟಿಸಿ ತೆಗೆಸಿದರೆ ಪಟ್ಟೆದಾರನ ಹೆಸರು ಮುಂದೆ, ಅನುಭೋಗದಲ್ಲಿರುವವರು ಬೇರೆ. ಬಾಣೆಯ ಮರ ರಿಡೀಮ್ಡೋ ಅನ್‌ರಿಡೀಮ್ಡೋ, ಅಂದರೆ ಸರ್ಕಾರಕ್ಕೆ ಬೆಲೆ ಕಟ್ಟಿ ಬಿಡಿಸಿಕೊಂಡದ್ದೋ ಅಲ್ಲವೋ ಅಂತ ಜಗಳ. 1899ರ ಕೂರ್ಗ್ ಭೂಕಂದಾಯ ರೆಗ್ಯುಲೇಶನ್ನಿನಿಂದ ಹಿಡಿದು, ರಾಷ್ಟ್ರಪತಿಗಳ ಅಂಕಿತ ಬಿದ್ದು 2013ರಲ್ಲಿ ಕಾಯ್ದೆಯಾದ ಭೂಕಂದಾಯ ತಿದ್ದುಪಡಿಯವರೆಗೆ ಇದರ ಹಿಂದೆ ಒಂದು ಶತಮಾನದ ಕಾನೂನಿದೆ. ಒಡೆತನ ಬೇರೆ, ಸ್ವಾಧೀನ ಬೇರೆ ಅನ್ನುವುದು ಬೇರೆ ಊರಿನ ಮಕ್ಕಳಿಗೆ ಪುಸ್ತಕದಲ್ಲಿ ಸಿಗುವ ಪಾಠ. ನಮ್ಮ ಮಕ್ಕಳು ಅದನ್ನು ಅಡುಗೆಮನೆಯಲ್ಲಿ ಕೇಳಿ ಬೆಳೆದಿರುತ್ತಾರೆ. ಅಪ್ಪನ ಹತ್ತಿರ ಕೂತು ಮನೆಯ ಕಾಗದಪತ್ರ ಒಂದು ಸಲ ಬಿಡಿಸಿ ನೋಡು ಅಂದೆ.

ಪ್ರಚಲಿತ ವಿದ್ಯಮಾನದಲ್ಲಿ ಆರಿಸಿಕೊಳ್ಳುವುದೇ ಕಷ್ಟ, ಸಮುದ್ರದಷ್ಟಿದೆ. ನನ್ನ ಲೆಕ್ಕ ಸರಳ: ಕಾನೂನು ಒಳಗಿರುವ ಸುದ್ದಿ ಮೊದಲು. ಸುಪ್ರೀಂ ಕೋರ್ಟಿನ ತೀರ್ಪು, ಹೊಸ ಮಸೂದೆ, ರಾಜ್ಯ ಕೇಂದ್ರಗಳ ಜಗಳ, ಪರಿಸರ, ದೇಶದೇಶಗಳ ಒಪ್ಪಂದ. ಯಾರಿಗೆ ಯಾವ ಪ್ರಶಸ್ತಿ ಬಂತು ಅನ್ನುವುದಕ್ಕೆ ಒಂದು ನೋಟ ಸಾಕು. ಸುದ್ದಿಯ ಜೊತೆ ಅದರ ಹಿಂದಿನ ಕತೆಯನ್ನೂ ಓದಬೇಕು, ಯಾಕೆಂದರೆ ಪ್ಯಾಸೇಜು ಇಂದಿನ ಸುದ್ದಿಯದ್ದಾದರೂ ಪ್ರಶ್ನೆ ಹಿಂದಿನ ಕತೆಯ ಮೇಲೆ ಬರುತ್ತದೆ. ಕಾವೇರಿಯನ್ನೇ ತಗೊಳ್ಳಿ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ನೀರು. ಮದ್ರಾಸು ಮೈಸೂರುಗಳ 1924ರ ಒಪ್ಪಂದ, ಅಂತರರಾಜ್ಯ ನದಿ ವಿವಾದಗಳ 1956ರ ಕಾಯ್ದೆ, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿದ್ದು. ಮಳೆ ಕಡಿಮೆಯಾದ ವರ್ಷ ಈ ಸುದ್ದಿ ಮತ್ತೆ ಬಂದೇ ಬರುತ್ತದೆ. ಪಶ್ಚಿಮಘಟ್ಟದ ಗಾಡ್ಗೀಳ್, ಕಸ್ತೂರಿರಂಗನ್ ವರದಿಗಳು, 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜರಿದದ್ದು, ನಾಗರಹೊಳೆಯ ಅಂಚಿನ ಜೇನುಕುರುಬರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೇಳುತ್ತಿರುವ ಹಕ್ಕು, ಇವೆಲ್ಲ ನಮ್ಮ ಸುತ್ತಲೇ ಇರುವ ಪಾಠ. ‘ಶಕ್ತಿ’ ಪತ್ರಿಕೆಯಲ್ಲಿ ಊರಿನ ಸುದ್ದಿ ಓದು, ಅದೇ ವಿಷಯದ ದೊಡ್ಡ ಲೇಖನವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ ಓದು ಅಂತ ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ.

ಇಂಗ್ಲಿಷು ಅಂದಾಗ ಅಕ್ಕನ ಮುಖ ಸಣ್ಣಗಾಯಿತು. ಮಗಳು ಹತ್ತರವರೆಗೆ ಕನ್ನಡ ಮೀಡಿಯಂ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ಇದೆ. ಇತರ ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟಿಗೆ 2023ರಲ್ಲಿ ಅರ್ಜಿ ಹೋಯಿತು. ಹಳ್ಳಿಯ ಮಗುವಿಗೆ ಕಾನೂನಿನ ಬುದ್ಧಿ ಇದ್ದೂ ಭಾಷೆಯ ಕಾರಣಕ್ಕೆ ಹೊರಗುಳಿಯುವುದು ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಡಿಸೆಂಬರಿನಲ್ಲಿ ಪರೀಕ್ಷೆಗೆ ಕೂರುವವಳು ನಿಯಮ ಬದಲಾಗಲಿ ಅಂತ ಕಾಯುವಂತಿಲ್ಲ. ಅವಳಿಗೆ ನಾನು ಹೇಳಿದ್ದು ಇಷ್ಟು: ವ್ಯಾಕರಣದ ಪುಸ್ತಕ, ಸಾವಿರ ಕಠಿಣ ಪದಗಳ ಪಟ್ಟಿ ಎರಡನ್ನೂ ಬದಿಗಿಡು. ದಿನಕ್ಕೊಂದು ಸಂಪಾದಕೀಯ ಓದು. ಮುಗಿದ ಮೇಲೆ ಲೇಖಕರು ಏನು ಹೇಳಿದರು ಅಂತ ಕನ್ನಡದಲ್ಲೇ ನಾಲ್ಕು ಸಾಲು ಬರೆ. ಕನ್ನಡದಲ್ಲಿ ಸರಿಯಾಗಿ ಬರೆಯಲು ಬಂದರೆ ಇಂಗ್ಲಿಷು ಅರ್ಥವಾಗಿದೆ ಅಂತಲೇ ಲೆಕ್ಕ. ಬಾರದಿದ್ದರೆ ಯಾವ ವಾಕ್ಯದಲ್ಲಿ ಎಡವಿದೆ ಅಂತ ಗೊತ್ತಾಗುತ್ತದೆ, ಅಲ್ಲಿಗೆ ಹಿಂದಿರುಗಿ ಓದು. ಇಂಗ್ಲಿಷಿನ ಪ್ರಶ್ನೆಗಳಿಗೆ ಮಾತ್ರ ಇದರ ಪ್ರಯೋಜನ ಅಂದುಕೊಳ್ಳಬೇಡಿ. ಲಾಜಿಕ್ಕು, ಕಾನೂನು, ಪ್ರಚಲಿತ, ಎಲ್ಲವೂ ಓದುವ ವೇಗದ ಮೇಲೆಯೇ ನಿಂತಿವೆ. ಎಲ್ಲ ಟಾಪಿಕ್ಕುಗಳ ಟಾಪಿಕ್ಕು ಓದುವುದೇ.

ನಮ್ಮ ಮಕ್ಕಳಿಗೆ ಒಂದು ಅನುಕೂಲವೂ ಇದೆ. ನಾಗರಬಾವಿಯ ಕಾನೂನು ಶಾಲೆಯಲ್ಲಿ ಶೇ 25 ಸೀಟುಗಳು ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದ ಮಕ್ಕಳಿಗೆ ಮೀಸಲು. ಅಂಗನವಾಡಿಯಿಂದ ಪಿಯುಸಿವರೆಗೆ ಈ ಜಿಲ್ಲೆ ಬಿಟ್ಟು ಹೋಗದ ಇವಳಿಗೆ ಅದು ಸಿಗುತ್ತದೆ. ಅರ್ಜಿ ತುಂಬುವಾಗ ಮರೆಯದೆ ಗುರುತು ಹಾಕಬೇಕು, ಶಾಲೆಯ ಪ್ರಮಾಣಪತ್ರಗಳನ್ನು ಈಗಲೇ ಒಟ್ಟು ಮಾಡಿಡಬೇಕು ಅಂತ ಅಕ್ಕನಿಗೆ ಒತ್ತಿ ಹೇಳಿದೆ.

“ಅಷ್ಟೆಲ್ಲ ಮಾಡಿಯೂ ರ‍್ಯಾಂಕ್ ಬರ್ಲಿಲ್ಲ ಅಂದ್ರೆ, ಇವ್ಳು ದಡ್ಡಿ ಅಂತಾರಲ್ಲ ಜನ?”

ಈ ಮಾತಿಗೆ ನನಗೆ ನಿಜವಾಗಿಯೂ ಸಿಟ್ಟು ಬಂತು, ಅಕ್ಕನ ಮೇಲಲ್ಲ, ಹಾಗೆ ಅನ್ನುವವರ ಮೇಲೆ. ನಮ್ಮ ಕೊಡಗಿನವರೇ ಆದ ಎ.ಎಸ್. ಬೋಪಣ್ಣ 2019ರಿಂದ 2024ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. 2022ರ ಜನವರಿಯಲ್ಲಿ ನೀಟ್ ಮೀಸಲಾತಿಯ ಕೇಸಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರೂ ಇವರೂ ಇದ್ದ ಪೀಠ, ಒಂದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕವೇ ಪ್ರತಿಭೆಯ ಪೂರ್ತಿ ಅಳತೆ ಅಲ್ಲ ಅನ್ನುವ ಅರ್ಥದ ತೀರ್ಪು ಕೊಟ್ಟಿತು. ಆ ತೀರ್ಪನ್ನು ಹುಡುಗಿ ಓದಲೇಬೇಕು. ಕಾನೂನು ತರ್ಕಕ್ಕೂ ಪಾಠ, ಮನಸ್ಸಿಗೂ ಧೈರ್ಯ. ಇನ್ನು ಕ್ಲ್ಯಾಟ್ ಪತ್ರಿಕೆಯೂ ದೋಷವಿಲ್ಲದ್ದೇನಲ್ಲ. 2025ರ ಕ್ಲ್ಯಾಟ್‌ನ ಕೆಲವು ಪ್ರಶ್ನೆಗಳು ತಪ್ಪು ಅಂತ ವಿವಾದ ಎದ್ದು, ದೆಹಲಿ ಹೈಕೋರ್ಟು ದಾಟಿ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಹೇಳಬೇಕಾಯಿತು.

ಹುಡುಗಿಯ ಅಪ್ಪ ತೋಟದಿಂದ ಬಂದವರು ಹಣದ ಮಾತು ತೆಗೆದರು. ಅರ್ಜಿಗೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಸೀಟು ಸಿಕ್ಕರೆ ಫೀಸು ವರ್ಷಕ್ಕೆ ಲಕ್ಷಗಳಲ್ಲಿ. ಕಾಫಿ ರೇಟು ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಅವರ ಆತಂಕ ನ್ಯಾಯವಾದದ್ದೇ. ವಿದ್ಯಾರ್ಥಿವೇತನಗಳಿವೆ, ಬ್ಯಾಂಕ್ ಸಾಲವಿದೆ. ಕಾನೂನು ವಿದ್ವಾಂಸ ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ ‘ಐಡಿಯಾ’ ಅನ್ನುವ ಸಂಸ್ಥೆ ಬಡ ಮಕ್ಕಳನ್ನು, ಹಳ್ಳಿಯ ಮಕ್ಕಳನ್ನು, ಅಂಗವಿಕಲ ಮಕ್ಕಳನ್ನು ಆರಿಸಿ ಕ್ಲ್ಯಾಟ್‌ಗೆ ತಯಾರು ಮಾಡುತ್ತದೆ, ಆಮೇಲೆಯೂ ಕೈಹಿಡಿಯುತ್ತದೆ. ನಮ್ಮ ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಓದುವ ಚುರುಕು ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ಕಾಲೇಜಿನ ಲೆಕ್ಚರರ್‌ಗಳೇ ಹೇಳಬೇಕು.

ಸಮಯದ ವಿಚಾರ ಉಳಿಯಿತು. ಪರೀಕ್ಷೆ ಈಚೆಗೆ ಡಿಸೆಂಬರಿನಲ್ಲಿ. ಪುತ್ತರಿ ಹಬ್ಬದ ಆಸುಪಾಸು, ಅರೇಬಿಕಾ ಕೊಯ್ಲಿನ ಹೊತ್ತು, ಮನೆತುಂಬ ಕೆಲಸ, ನೆಂಟರು. ಅದಕ್ಕೆ ಮುಂಚಿನ ತಿಂಗಳುಗಳೆಲ್ಲ ಮಳೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಆನ್‌ಲೈನ್ ಕೋಚಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಪ್ರಿಂಟ್ ತೆಗೆಸಿಟ್ಟುಕೋ ಅಂದದ್ದು ಇದಕ್ಕೇ. ಜೂನಿನಿಂದ ಸೆಪ್ಟೆಂಬರ್ ಓದುವುದಕ್ಕೆ. ಅಕ್ಟೋಬರಿನಿಂದ ವಾರಕ್ಕೊಂದು ಪೂರ್ತಿ ಪತ್ರಿಕೆ, ಗಡಿಯಾರ ಎದುರಿಟ್ಟುಕೊಂಡು, ಪೆನ್ನು ಹಿಡಿದು, ಯಾಕೆಂದರೆ ಅಲ್ಲಿ ಓಎಂಆರ್ ಹಾಳೆಯಲ್ಲೇ ಉತ್ತರ ತುಂಬಬೇಕು. ಮನೆಯವರು ಆ ಎರಡು ಗಂಟೆ ಹುಡುಗಿಯನ್ನು ಕಣಕ್ಕೆ ಕರೆಯಬಾರದು ಅಂದಾಗ ಅಪ್ಪ ತಲೆ ಆಡಿಸಿದರು. ಕ್ಲ್ಯಾಟ್ ಒಂದೇ ಅಲ್ಲ, ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ್ದು ಐಲೆಟ್ ಅಂತ ಬೇರೆಯೇ ಪರೀಕ್ಷೆ. ಅದರಲ್ಲಿ 150ಕ್ಕೆ 70 ಪ್ರಶ್ನೆ ಲಾಜಿಕ್ಕಿನದೇ. ಕ್ಲ್ಯಾಟ್‌ಗೆ ಚೆನ್ನಾಗಿ ಓದಿದವಳು ಲಾಜಿಕ್ಕು ಸ್ವಲ್ಪ ಹೆಚ್ಚು ಅಭ್ಯಾಸ ಮಾಡಿ ಅದನ್ನೂ ಬರೆಯಬಹುದು.

“ಕನ್ನಡ ಮಾತ್ರ ಬಿಡ್ಬೇಡ” ಅಂತ ಹುಡುಗಿಗೆ ಕೊನೆಗೆ ಹೇಳಿದೆ. ಮುಂದೆ ಇಲ್ಲೇ ಜಡ್ಜ್ ಆಗುವ ಮನಸ್ಸಾದರೆ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟು ಹೇಳಿದೆ. ಆ ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದಿಸುವ ನೂರು ಅಂಕದ ಪತ್ರಿಕೆಯೊಂದು ಇದೆ. ಸಂಪಾದಕೀಯ ಓದಿ ಬರೆಯುವ ಆ ನಾಲ್ಕು ಸಾಲು ಅಲ್ಲಿಗೂ ಬೇಕಾಗುತ್ತದೆ. ಹುಡುಗಿ ಗೈಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, “ಪ್ರಿಂಟ್ ಎಲ್ಲಿ ತೆಗಿಸ್ಲಿ ಟೀಚರೇ, ಬಸ್ ಸ್ಟ್ಯಾಂಡ್ ಹತ್ರ ಪುಟಕ್ಕೆ ಎಷ್ಟಂತೆ?” ಅಂತ ಕೇಳಿದಳು.